ಬಂಡೆ ಹತ್ತುವ ಟ್ರಕ್ಕಿಗೆ ಎಂಥ ಪವರ್ ಸ್ಟೀರಿಂಗ್ ಹೊಂದಿಸಬೇಕು?

ಬಂಡೆದಾರಿ:
ಎಲ್ಲರಿಗೂ ನಮಸ್ಕಾರ. ನನ್ನ ಟ್ರಕ್ಕಿನ ಮುಂದಿನ ಸಾಲಿಡ್ ಆಕ್ಸಲ್‌ನಲ್ಲಿ ಲಾಕರ್ (ಎರಡೂ ಚಕ್ರಗಳು ಒಂದೇ ವೇಗದಲ್ಲಿ ತಿರುಗುವಂತೆ ಬಂಧಿಸುವ ಸಾಧನ) ಇದೆ. ಸದ್ಯ 35 ಇಂಚಿನ ಟೈರುಗಳಿದ್ದು, ಅವು ಸವೆದ ಮೇಲೆ 37 ಇಂಚಿನವುಗಳನ್ನು ಹಾಕಿಸುವ ಆಲೋಚನೆಯಿದೆ. ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ತಿರುವನ್ನು ಆಯಿಲ್ ಒತ್ತಡದ ನೆರವಿನಿಂದ ಚಕ್ರಗಳ ಕಡೆಗೆ ದಾಟಿಸುವ ಗೇರ್ ಪೆಟ್ಟಿಗೆ) ಮತ್ತು ಅದಕ್ಕೆ ಆಯಿಲ್ ದೂಡುವ ಪಂಪ್ ಎರಡೂ ಗಾಡಿಯೊಂದಿಗೆ ಬಂದವೇ. ಡಾಂಬರು ರಸ್ತೆಯಲ್ಲಿ ಯಾವ ತಕರಾರೂ ಇಲ್ಲ. ಆದರೆ ಟೈರಿನ ಗಾಳಿ ಇಳಿಸಿ, ಲಾಕರ್ ಹಾಕಿ, ಎರಡು ಬಂಡೆಗಳ ನಡುವೆ ಮುಂದಿನ ಚಕ್ರ ಸಿಕ್ಕಿಕೊಂಡಾಗ ಸ್ಟೀರಿಂಗ್ ಅಲುಗದೆ ನಿಂತುಬಿಡುತ್ತದೆ, ಪಂಪ್ ನರಳುತ್ತದೆ. ದೊಡ್ಡ ಪಂಪ್ ಹಾಕಿಸಲೇ, ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿಗೆ ಆಯಿಲ್ ಒತ್ತಡದಿಂದ ದೂಡುವ ಸಹಾಯಕ ಸಿಲಿಂಡರ್ ಕೂಡಿಸಲೇ, ಅಥವಾ ಬಾಕ್ಸನ್ನೇ ತೆಗೆದು ಪೂರ್ತಿ ಹೈಡ್ರಾಲಿಕ್ ಸ್ಟೀರಿಂಗಿಗೆ ಹೋಗಲೇ ಎಂಬುದು ನನ್ನ ಪ್ರಶ್ನೆ. ಕಾಡುದಾರಿಯವರೆಗೆ ಹೆದ್ದಾರಿಯ ಮೇಲೆ ಇದೇ ಗಾಡಿಯನ್ನು ಓಡಿಸಿಕೊಂಡು ಹೋಗಬೇಕು ಎಂಬುದನ್ನು ದಯವಿಟ್ಟು ಗಮನದಲ್ಲಿ ಇಟ್ಟುಕೊಳ್ಳಿ.

ಕಾಡುಗಾಲಿ:
ಪೂರ್ತಿ ಹೈಡ್ರಾಲಿಕ್ ಹಾಕಿಸಿಬಿಡಿ. ಒಮ್ಮೆ ಮಾಡಿದರೆ ಮತ್ತೆ ಆ ಕಡೆ ನೋಡಬೇಕಾಗಿಲ್ಲ.

ಹಳೆಯ ಪಾನಾ:
ಹೆದ್ದಾರಿಯ ಮಾತು ಅವರೇ ಎತ್ತಿದ ಮೇಲೂ ಪೂರ್ತಿ ಹೈಡ್ರಾಲಿಕ್ ಎನ್ನುವುದು ಸರಿಯಲ್ಲ. ಅದರಲ್ಲಿ ಸ್ಟೀರಿಂಗ್ ಚಕ್ರಕ್ಕೂ ಟೈರಿಗೂ ನಡುವೆ ಲೋಹದ ಕೊಂಡಿಯೇ ಇರುವುದಿಲ್ಲ. ಇರುವುದು ಆಯಿಲ್ ಮಾತ್ರ. ಒಂದು ಹೋಸ್ ಒಡೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಲವು ದೇಶಗಳ ರಸ್ತೆ ನಿಯಮಗಳು ಇಂಥ ಗಾಡಿಗೆ ಸಾರ್ವಜನಿಕ ರಸ್ತೆಯಲ್ಲಿ ಅವಕಾಶ ಕೊಡುವುದಿಲ್ಲ. ಟ್ರಾಕ್ಟರ್, ಫೋರ್ಕ್‌ಲಿಫ್ಟ್‌ಗಳಂತಹ ನಿಧಾನ ಯಂತ್ರಗಳಲ್ಲಿ ಬಳಕೆಯಲ್ಲಿರುವ ವ್ಯವಸ್ಥೆ ಅದು. ಬಂಡೆಗಳ ಮೇಲಷ್ಟೇ ಓಡುವ, ಟ್ರೇಲರ್ ಮೇಲೆ ಬಂದುಹೋಗುವ ಗಾಡಿಗೆ ಅದು ಬಹಳ ಚೆನ್ನಾಗಿ ಒಪ್ಪುತ್ತದೆ.

ಬಂಡೆದಾರಿ ಅವರೇ, ನೀವು ಕೇಳಿದ ಮೂರೂ ದಾರಿಗಳಿಗಿಂತ ಮೊದಲು ಒಂದು ಕೆಲಸವಿದೆ. ಗಾಡಿಯನ್ನು ಒಣ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿರಲಿ. ನೀವು ಮುಂದೆ ಬಗ್ಗಿ ಬಾಕ್ಸ್ ಚಾಸಿಗೆ ಕೂತಿರುವ ಜಾಗವನ್ನು ನೋಡಿ. ಚಕ್ರ ತಿರುಗುವುದಕ್ಕಿಂತ ಮುಂಚೆ ಬಾಕ್ಸ್ ಮಿಸುಕುತ್ತಿದೆಯೇ, ಚಾಸಿಯ ತಗಡು ಉಸಿರಾಡುತ್ತಿದೆಯೇ ಎಂದು ಗಮನಿಸಿ. ಬೋಲ್ಟಿನ ತೂತಿನ ಅಂಚಿನಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಹೊರಟು, ಅದರ ಉದ್ದಕ್ಕೂ ತುಕ್ಕಿನ ಕೆಂಪು ಗೆರೆ ಮೂಡಿದ್ದರೆ, ನಿಮಗೆ ಬೇಕಾಗಿರುವುದು ಪಂಪ್ ಅಲ್ಲ, ವೆಲ್ಡಿಂಗ್. ಬಲವನ್ನು ಟೈರಿನಿಂದ ಸ್ಟೀರಿಂಗ್ ಚಕ್ರದ ಕಡೆಗೆ ಲೆಕ್ಕ ಹಾಕುತ್ತ ಬರಬೇಕು. ಟೈರು, ನಕಲ್ (ಚಕ್ರವನ್ನು ಹೊತ್ತು ತಿರುಗುವ ಆಕ್ಸಲ್ ತುದಿಯ ಭಾಗ), ಟೈ ರಾಡ್, ಡ್ರ್ಯಾಗ್ ಲಿಂಕ್ (ಬಾಕ್ಸಿನ ಕಡೆಯಿಂದ ಚಕ್ರದ ಕಡೆಗೆ ಬಲ ಒಯ್ಯುವ ಸರಳು), ಪಿಟ್‌ಮನ್ ಆರ್ಮ್ (ಡ್ರ್ಯಾಗ್ ಲಿಂಕನ್ನು ಎಳೆಯುವ ಬಾಕ್ಸಿನ ತೋಳು), ಸೆಕ್ಟರ್ ಶಾಫ್ಟ್ (ಆ ತೋಳನ್ನು ತಿರುಗಿಸಲು ಬಾಕ್ಸಿನಿಂದ ಹೊರಬರುವ ಶಾಫ್ಟ್), ಬಾಕ್ಸ್, ಚಾಸಿ, ಇಷ್ಟೂ ತಡೆಯುತ್ತವೆ ಎಂದು ಖಾತ್ರಿಯಾದ ಮೇಲೆ ಪಂಪಿನ ಮಾತು.

ಬಂಡೆದಾರಿ:
ಚಾಸಿಯನ್ನು ಹಾಗೆ ನೋಡಿರಲಿಲ್ಲ, ಈ ವಾರವೇ ನೋಡುತ್ತೇನೆ. ಟೈ ರಾಡ್ ಮೊದಲಿನದೇ ಇದೆ, ಸ್ವಲ್ಪ ಬಾಗಿದಂತೆ ಕಾಣುತ್ತದೆ.

ವೆಲ್ಡರ್:
ಬಾಗಿದ ಟೈ ರಾಡನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ. ಒಮ್ಮೆ ಬಾಗಿದ ಪೈಪು ಅದೇ ಜಾಗದಲ್ಲಿ ಇನ್ನೂ ಸುಲಭವಾಗಿ ಬಾಗುತ್ತದೆ. ದಪ್ಪ ಗೋಡೆಯ ಪೈಪಿನಿಂದ ಹೊಸದನ್ನು ಮಾಡಿಸಿ, ಎರಡು ತುದಿಗೂ ಒಂದು ಹಂತ ದೊಡ್ಡದಾದ ಬಾಲ್ ಜಾಯಿಂಟ್ ಎಂಡ್ ಹಾಕಿಸಿ. ಬಾಕ್ಸ್ ಕೂರುವ ಜಾಗದಲ್ಲಿ ಚಾಸಿಯ ಡಬ್ಬಿಯೊಳಗೆ ಬೋಲ್ಟ್ ಹಾದುಹೋಗುವಲ್ಲೆಲ್ಲ ಕೊಳವೆ ತೂರಿಸಿ ಎರಡು ಕಡೆಯೂ ವೆಲ್ಡ್ ಮಾಡಿದರೆ, ಬೋಲ್ಟ್ ಬಿಗಿದಾಗ ಚಾಸಿ ನಜ್ಜುವುದಿಲ್ಲ, ಬಿಗುವೂ ಸಡಿಲಾಗುವುದಿಲ್ಲ. ಹೊರಗಿನಿಂದ ಪ್ಲೇಟ್ ಹಾಕುವಾಗ ಅದರ ಅಂಚು ಚಾಸಿಗೆ ಅಡ್ಡಲಾಗಿ ನೇರ ಗೆರೆಯಂತೆ ಮುಗಿಯಬಾರದು. ಮೀನಿನ ಬಾಲದಂತೆ ಕತ್ತರಿಸಿದರೆ ಒತ್ತಡ ಒಂದೇ ಗೆರೆಯಲ್ಲಿ ಕೂಡುವುದಿಲ್ಲ.

ತೈಲಲೆಕ್ಕ:
ಎಲ್ಲರೂ ದೊಡ್ಡ ಪಂಪ್, ಚಿಕ್ಕ ಪಂಪ್ ಎನ್ನುತ್ತಾರೆ, ಆದರೆ ಪಂಪಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒತ್ತಡದಿಂದ ಬಲ ಬರುತ್ತದೆ, ಹರಿವಿನಿಂದ ವೇಗ ಬರುತ್ತದೆ. ಸ್ಟೀರಿಂಗನ್ನು ನಿಧಾನವಾಗಿ ತಿರುಗಿಸಿದರೆ ತಿರುಗುತ್ತದೆ, ಬೇಗ ತಿರುಗಿಸಲು ಹೋದರೆ ಕೈಗೆ ಬಿಗಿಯಾಗುತ್ತದೆ, ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಹಗುರಾಗುತ್ತದೆ ಎಂದಾದರೆ ಕೊರತೆ ಹರಿವಿನದು. ಎಷ್ಟೇ ಆಕ್ಸಿಲರೇಟರ್ ಒತ್ತಿದರೂ ಒಂದು ಹಂತದಲ್ಲಿ ನಿಂತೇ ಹೋಗುತ್ತದೆ, ಪಂಪ್ ಒಂದೇ ಸಮ ಕಿರುಗುಡುತ್ತದೆ ಎಂದಾದರೆ ಒತ್ತಡ ಮಿತಿ ಮುಟ್ಟಿದಾಗ ಆಯಿಲನ್ನು ಬಿಟ್ಟುಬಿಡುವ ರಿಲೀಫ್ ವಾಲ್ವ್ ತೆರೆದುಕೊಂಡಿದೆ. ಆಗ ಕೊರತೆ ಒತ್ತಡದ್ದು, ಇಲ್ಲವೇ ಪಿಸ್ಟನ್ನಿನ ಅಗಲದ್ದು.

ಊಹೆ ಬೇಡವಾದರೆ ಪಂಪಿಗೂ ಬಾಕ್ಸಿಗೂ ನಡುವಿನ ಒತ್ತಡದ ಲೈನಿನಲ್ಲಿ ಒಂದು ಗೇಜ್, ಅದರಾಚೆಗೆ ಒಂದು ವಾಲ್ವ್ ಕೂರಿಸಿ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ವಾಲ್ವನ್ನು ಕ್ಷಣಕಾಲ ಮುಚ್ಚಿ ಗೇಜ್ ಓದಿ. 5 ಸೆಕೆಂಡಿಗಿಂತ ಹೆಚ್ಚು ಮುಚ್ಚಿಟ್ಟರೆ ಪಂಪ್ ಸುಟ್ಟುಹೋಗುವ ಅಪಾಯವಿದೆ. ಅಲ್ಲಿ ಕಾಣುವ ಅಂಕಿ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಬಹಳ ಕಡಿಮೆಯಿದ್ದರೆ ಪಂಪ್ ಸವೆದಿದೆ. ಸರಿಯಾಗಿದ್ದರೆ ಪಂಪನ್ನು ದೂರಬೇಡಿ.

ನಿಧಾನಸವಾರ:
ರಿಲೀಫ್ ವಾಲ್ವಿಗೆ ಒಂದು ಶಿಮ್ (ತೆಳು ಬಿಲ್ಲೆ) ಹಾಕಿ ಒತ್ತಡ ಏರಿಸಿಕೊಂಡರೆ ಸಾಲದೇ? ಹಲವರು ಹಾಗೆ ಮಾಡುತ್ತಾರೆ.

ಹಳೆಯ ಪಾನಾ:
ಮಾಡುತ್ತಾರೆ, ಆದರೆ ಏರಿದ ಒತ್ತಡವೆಲ್ಲ ಬಾಕ್ಸಿನ ಪಿಸ್ಟನ್ನಿನಿಂದ ಸೆಕ್ಟರ್ ಶಾಫ್ಟಿನ ಮೂಲಕವೇ ಹೊರಬರಬೇಕು. ನೀವು ಬಂಡೆಗೆ ಹಾಕುವ ಬಲವನ್ನು ಏರಿಸಿದಷ್ಟೇ ಆ ಶಾಫ್ಟನ್ನು ತಿರುಚುವ ಬಲವೂ ಏರುತ್ತದೆ, ಚಾಸಿಯನ್ನು ಎಳೆಯುವ ಬಲವೂ ಏರುತ್ತದೆ. ಹೋಸುಗಳ ವಯಸ್ಸನ್ನೂ ಮರೆಯಬಾರದು.

ಬಂಡೆದಾರಿ:
ತೈಲಲೆಕ್ಕ ಅವರು ಹೇಳಿದ ಎರಡನೆಯ ಲಕ್ಷಣವೇ ನನ್ನದು. ಆಕ್ಸಿಲರೇಟರ್ ಒತ್ತಿದರೂ ಬಿಡುವುದಿಲ್ಲ.

ತೈಲಲೆಕ್ಕ:
ಹಾಗಾದರೆ ಸಹಾಯಕ ಸಿಲಿಂಡರಿನ ಲೆಕ್ಕವನ್ನು ನೋಡೋಣ. ಒಳ ಅಗಲ 38 ಮಿ.ಮೀ. ಇರುವ ಸಿಲಿಂಡರಿನ ಪಿಸ್ಟನ್ನಿಗೆ ಸುಮಾರು 11.3 ಚದರ ಸೆಂ.ಮೀ. ವಿಸ್ತೀರ್ಣವಿರುತ್ತದೆ. 100 ಬಾರ್ ಒತ್ತಡದಲ್ಲಿ ಅದು ಸುಮಾರು 1,150 ಕಿಲೋಗ್ರಾಂ ಭಾರದಷ್ಟು ಬಲದಿಂದ ದೂಡುತ್ತದೆ. ರಾಡ್ ಇರುವ ಬದಿಯಲ್ಲಿ 19 ಮಿ.ಮೀ. ರಾಡಿನ ವಿಸ್ತೀರ್ಣ ಕಳೆದು 8.5 ಚದರ ಸೆಂ.ಮೀ. ಉಳಿಯುವುದರಿಂದ ಎಳೆಯುವಾಗ ಬಲ ಸುಮಾರು 870 ಕಿಲೋಗ್ರಾಮಿಗೆ ಇಳಿಯುತ್ತದೆ. ಎರಡು ದಿಕ್ಕಿಗೂ ಬಲ ಒಂದೇ ಅಲ್ಲ ಎಂಬುದು ನೆನಪಿರಲಿ. ಹೀಗಿದ್ದರೂ ಇದು ಬಾಕ್ಸಿನ ಬಲಕ್ಕೆ ಮೇಲಾಗಿ ಸಿಗುವಂಥದ್ದು, ಅದೂ ನೇರವಾಗಿ ಟೈ ರಾಡಿನ ಮೇಲೆ ಬೀಳುವಂಥದ್ದು. ಸೆಕ್ಟರ್ ಶಾಫ್ಟಿನ ಪಾಲಿನ ಹೊರೆ ಕಡಿಮೆಯಾಗುವುದೇ ಇದರ ದೊಡ್ಡ ಲಾಭ ಎಂದು ನಾನು ತಿಳಿಯುತ್ತೇನೆ.

ಇನ್ನು ಹರಿವು. 20 ಸೆಂ.ಮೀ. ಓಟವಿರುವ (ಪಿಸ್ಟನ್ ತುದಿಯಿಂದ ತುದಿಗೆ ಸರಿಯುವ ದೂರ) ಆ ಸಿಲಿಂಡರ್ ತುಂಬಲು ಸುಮಾರು 227 ಸಿಸಿ ಆಯಿಲ್ ಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ 3 ಸೆಕೆಂಡಿನಲ್ಲಿ ತಿರುಗಿಸಬೇಕೆಂದರೆ ನಿಮಿಷಕ್ಕೆ 4.5 ಲೀಟರಿನಷ್ಟು ಹರಿವು ಸಿಲಿಂಡರ್ ಒಂದಕ್ಕೇ ಹೋಗುತ್ತದೆ. ಬಾಕ್ಸಿನ ಪಿಸ್ಟನ್ನಿಗೆ ಬೇಕಾದದ್ದು ಬೇರೆ. ಆದ್ದರಿಂದ ಇವತ್ತು ಹರಿವಿನ ಕೊರತೆ ಇಲ್ಲದಿದ್ದರೂ ಸಿಲಿಂಡರ್ ಕೂಡಿಸಿದ ಮೇಲೆ ಐಡ್ಲಿಂಗಿನಲ್ಲಿ ಕೊರತೆ ಕಾಣಿಸಿಕೊಳ್ಳಬಹುದು. ಆಗ ಹೆಚ್ಚು ಹರಿವಿನ ಪಂಪ್, ಅಥವಾ ಪಂಪನ್ನು ಬೇಗ ತಿರುಗಿಸುವ ಚಿಕ್ಕ ಪುಲ್ಲಿ.

ಕಾಡುಗಾಲಿ:
ಚಿಕ್ಕ ಪುಲ್ಲಿ ಹಾಕಿದರೆ ಹೆದ್ದಾರಿಯಲ್ಲಿ ಎಂಜಿನ್ ಜೋರಾಗಿ ಓಡುವಾಗ ಪಂಪ್ ಮಿತಿಮೀರಿ ತಿರುಗುತ್ತದೆ, ಅದನ್ನೂ ಹೇಳಬೇಕಿತ್ತು.

ತೈಲಲೆಕ್ಕ:
ಒಪ್ಪುತ್ತೇನೆ. ಅದಕ್ಕಾಗಿಯೇ ಮೊದಲ ಆಯ್ಕೆ ಹೆಚ್ಚು ಹರಿವಿನ ಪಂಪ್.

ಹೊಸಬ:
ನಡುವೆ ಬಂದು ಕೇಳುತ್ತಿರುವುದಕ್ಕೆ ಕ್ಷಮಿಸಿ. ಕಾರುಗಳಲ್ಲಿ ಈಗ ಎಲ್ಲವೂ ವಿದ್ಯುತ್ ಪವರ್ ಸ್ಟೀರಿಂಗ್ ಅಲ್ಲವೇ? ಆ ಮೋಟಾರನ್ನೇ ಸ್ಟೀರಿಂಗ್ ಕಾಲಮ್ಮಿನಲ್ಲಿ ಕೂರಿಸಿದರೆ ಪಂಪ್, ಹೋಸ್, ಆಯಿಲ್ ಯಾವುದರ ಗೋಜೂ ಇರುವುದಿಲ್ಲ.

ಹಳೆಯ ಪಾನಾ:
ಪವರ್ ಸ್ಟೀರಿಂಗೇ ಇಲ್ಲದ, 31 ಇಂಚಿನೊಳಗಿನ ಟೈರಿನ ಹಗುರ ಗಾಡಿಗೆ ಅದು ಒಳ್ಳೆಯ ಉಪಾಯ. ಇವರ ಗಾಡಿಗೆ ಆಗುವುದಿಲ್ಲ. ಮೋಟಾರು ಕಾಲಮ್ಮಿನಲ್ಲಿದ್ದರೆ ಅದರ ಬಲವೆಲ್ಲ ಕೆಳಗಿನ ಶಾಫ್ಟು, ಬಾಕ್ಸಿನ ಹಲ್ಲು, ಸೆಕ್ಟರ್ ಶಾಫ್ಟು ಇವುಗಳ ಮೂಲಕವೇ ಹಾದುಹೋಗಬೇಕು. ದುರ್ಬಲ ಕೊಂಡಿಯ ಹೊರೆ ಒಂದಿಷ್ಟೂ ಇಳಿಯುವುದಿಲ್ಲ. ಜೊತೆಗೆ ಒಂದೇ ಕಡೆ ನಿಂತು ಮತ್ತೆ ಮತ್ತೆ ಬಲವಂತವಾಗಿ ತಿರುಗಿಸಿದರೆ ಮೋಟಾರು ಬಿಸಿಯಾಗಿ, ಅದರ ಕಂಟ್ರೋಲರ್ ತನ್ನನ್ನು ಉಳಿಸಿಕೊಳ್ಳಲು ಸಹಾಯವನ್ನು ಇಳಿಸುತ್ತದೆ. ಬಂಡೆಯ ನಡುವೆ ಸಹಾಯ ಬೇಕಾದ ಹೊತ್ತಿನಲ್ಲೇ ಅದು ಕೈಬಿಡುತ್ತದೆ.

ಪ್ರಯಾಣಪ್ರಿಯ:
ಇತಿಹಾಸದ ಒಂದು ಮಾತು. ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ ಹೈಡ್ರಾಲಿಕ್ ಪವರ್ ಸ್ಟೀರಿಂಗನ್ನು 1920ರ ದಶಕದಲ್ಲೇ ಕಾರಿನಲ್ಲಿ ಕೂರಿಸಿ ತೋರಿಸಿದ್ದರು. ಆದರೂ ಜನ ಕೊಳ್ಳುವ ಕಾರಿನಲ್ಲಿ ಅದು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಭಾರದ ಟ್ರಕ್ಕುಗಳ ಸ್ಟೀರಿಂಗ್ ಬಿಗಿಯೇ ಅವರನ್ನು ಈ ಕೆಲಸಕ್ಕೆ ಹಚ್ಚಿತ್ತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಬಂಡೆದಾರಿ:
ಚಾಸಿ ನೋಡಿದೆ. ಬಿರುಕಿಲ್ಲ, ಆದರೆ ಬಾಕ್ಸಿನ ಹಿಂದಿನ ಬೋಲ್ಟಿನ ಸುತ್ತ ಬಣ್ಣ ಕಿತ್ತು ಲೋಹ ಹೊಳೆಯುತ್ತಿದೆ, ಸ್ಟೀರಿಂಗ್ ತಿರುಗಿಸಿದಾಗ ಅಲ್ಲಿ ಮಿಸುಕುವುದು ಬರಿಗಣ್ಣಿಗೇ ಕಾಣುತ್ತದೆ. ಆ ಜಾಗವನ್ನು ಗಟ್ಟಿ ಮಾಡಿಸಿ, ಹೊಸ ಟೈ ರಾಡ್ ಹಾಕಿಸಿ, ಆಮೇಲೆ ಸಹಾಯಕ ಸಿಲಿಂಡರ್ ಎಂದು ಮನಸ್ಸು ಮಾಡಿದ್ದೇನೆ. ಸಿಲಿಂಡರಿಗೆ ಆಯಿಲ್ ಕೊಡಲು ನನ್ನ ಬಾಕ್ಸಿಗೆ ನಾನೇ ತೂತು ಕೊರೆದು ಲೈನ್ ತೆಗೆಯಬಹುದೇ?

ವೆಲ್ಡರ್:
ಬಾಕ್ಸನ್ನು ಪೂರ್ತಿ ಬಿಚ್ಚದೆ ಕೊರೆಯಲೇಬೇಡಿ. ಗ್ರೀಸ್ ಹಚ್ಚಿದ ಡ್ರಿಲ್ ಬಿಟ್ಟಿಗೆ ಚೂರುಗಳು ಅಂಟಿಕೊಂಡು ಬರುತ್ತವೆ, ಹಾಗಾಗಿ ಬಿಚ್ಚಬೇಕಾಗಿಲ್ಲ ಎನ್ನುವವರಿದ್ದಾರೆ. ಒಂದೇ ಒಂದು ಚೂರು ಒಳಗೆ ಉಳಿದರೂ ವಾಲ್ವಿನ ನುಣುಪಾದ ಮೈಯನ್ನು ಗೀರುತ್ತದೆ. ಪಿಸ್ಟನ್ನಿನ ಎರಡು ಬದಿಗೂ ಒಂದೊಂದು ತೂತು ಬೇಕು, ಅವು ಪಿಸ್ಟನ್ ಎಲ್ಲಿದ್ದರೂ ಮುಚ್ಚಿಕೊಳ್ಳದ ಜಾಗದಲ್ಲಿ ಇರಬೇಕು. ಬಿಚ್ಚಿ ಜೋಡಿಸುವ ಅಭ್ಯಾಸ ಇಲ್ಲದಿದ್ದರೆ ಮೊದಲೇ ತೂತು ತೆಗೆದು ಬರುವ ಬಾಕ್ಸನ್ನೇ ಕೊಳ್ಳಿ.

ಸಿಲಿಂಡರನ್ನು ಟೈ ರಾಡಿನ ನಟ್ಟನಡುವೆ ಹಿಡಿಸಬೇಡಿ, ನಕಲ್‌ಗೆ ಹತ್ತಿರವಾಗಿ ಹಿಡಿಸಿ; ನಡುವೆ ಹಿಡಿಸಿದರೆ ಅದು ದೂಡುವುದು ಚಕ್ರವನ್ನಲ್ಲ, ಟೈ ರಾಡಿನ ಹೊಟ್ಟೆಯನ್ನು. ಆಕ್ಸಲ್ ಮೇಲಿನ ಬ್ರಾಕೆಟ್ ದಪ್ಪವಾಗಿರಲಿ, ಸಿಲಿಂಡರ್ ಟೈ ರಾಡಿಗೆ ಆದಷ್ಟು ಸಮಾನಾಂತರವಾಗಿ ಕೂರಲಿ.

ನಿಧಾನಸವಾರ:
ತಿರುಗುವಿಕೆಯ ಕೊನೆಯಲ್ಲಿ ತಡೆ ಯಾವುದಾಗಿರಬೇಕು? ಸಿಲಿಂಡರೇ ಕೊನೆ ಮುಟ್ಟಿ ನಿಂತರೆ ಒಳ್ಳೆಯದು, ಆಕ್ಸಲ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ (ಹೊರಳಿದ ಚಕ್ರಕ್ಕೂ ಎಂಜಿನ್ ಬಲ ದಾಟಿಸುವ ಕೀಲು) ಉಳಿಯುತ್ತದೆ ಎಂದು ನಾನು ಕೇಳಿದ್ದೇನೆ.

ವೆಲ್ಡರ್:
ಇಲ್ಲಿ ನನ್ನ ಅಭಿಪ್ರಾಯ ಬೇರೆ. ಜಾಯಿಂಟನ್ನು ಉಳಿಸುವ ಕೆಲಸ ನಕಲ್ ಮೇಲಿನ ಸ್ಟಾಪ್ ಬೋಲ್ಟಿನದು. ಮೊದಲು ಅದು ತಾಗಬೇಕು. ಆ ಹೊತ್ತಿಗೆ ಸಿಲಿಂಡರಿನ ಎರಡು ತುದಿಯಲ್ಲೂ ಕೆಲವು ಮಿ.ಮೀ. ಓಟ ಉಳಿದಿರಬೇಕು, ಬಾಕ್ಸ್ ಕೂಡ ತನ್ನ ಒಳಗಿನ ಕೊನೆಯನ್ನು ಮುಟ್ಟಿರಬಾರದು. ಬಾಕ್ಸ್ ಮೊದಲು ಕೊನೆ ಮುಟ್ಟಿದರೆ ಸಿಲಿಂಡರ್ ಇನ್ನೂ ದೂಡುತ್ತಲೇ ಇರುತ್ತದೆ, ಆ ಪೆಟ್ಟೆಲ್ಲ ಸೆಕ್ಟರ್ ಶಾಫ್ಟಿನ ಹಲ್ಲಿಗೆ ಬೀಳುತ್ತದೆ. ಯಾವ ಶಾಫ್ಟನ್ನು ಉಳಿಸಲು ಸಿಲಿಂಡರ್ ಹಾಕಿದೆವೋ ಅದನ್ನೇ ಅದು ಮುರಿಯುತ್ತದೆ.

ನಿಧಾನಸವಾರ:
ಒಪ್ಪಿದೆ. ಈ ದೃಷ್ಟಿಯಿಂದ ಯೋಚಿಸಿರಲಿಲ್ಲ.

ಕಾಡುಗಾಲಿ:
ನಾನು ಪೂರ್ತಿ ಹೈಡ್ರಾಲಿಕ್ ಎಂದದ್ದನ್ನು ಎಲ್ಲರೂ ಒಂದೇ ಮಾತಿನಲ್ಲಿ ತಳ್ಳಿಹಾಕಿದಿರಿ, ಅದಕ್ಕೂ ಒಂದು ಲೆಕ್ಕ ಕೊಡುತ್ತೇನೆ. 63 ಮಿ.ಮೀ. ಅಗಲದ, ಎರಡು ಕಡೆಯೂ 32 ಮಿ.ಮೀ. ರಾಡ್ ಹೊರಬರುವ ಸಿಲಿಂಡರಿನಲ್ಲಿ 23 ಚದರ ಸೆಂ.ಮೀ. ವಿಸ್ತೀರ್ಣ ಸಿಗುತ್ತದೆ, 100 ಬಾರಿನಲ್ಲಿ 2,300 ಕಿಲೋಗ್ರಾಮಿಗೂ ಮೀರಿದ ಬಲ, ಅದೂ ಎರಡು ದಿಕ್ಕಿಗೂ ಸಮ. ಬಾಕ್ಸ್ ಇಲ್ಲ, ಡ್ರ್ಯಾಗ್ ಲಿಂಕ್ ಇಲ್ಲ, ಚಾಸಿ ಬಿರುಕು ಬಿಡುವ ಭಯವಿಲ್ಲ, ಸಸ್ಪೆನ್ಷನ್ ಎಷ್ಟೇ ಮೇಲೆ ಕೆಳಗೆ ಆದರೂ ಚಕ್ರ ತನ್ನಷ್ಟಕ್ಕೆ ಹೊರಳುವುದಿಲ್ಲ. 40 ಇಂಚಿನ ಟೈರು ಹಾಕಿ ಬಂಡೆಯಲ್ಲೇ ಇರುವವರಿಗೆ ಇದಕ್ಕೆ ಸಮನಾದದ್ದಿಲ್ಲ ಎಂದೇ ನಾನು ಇನ್ನೂ ಹೇಳುತ್ತೇನೆ.

ತೈಲಲೆಕ್ಕ:
ನಿಮ್ಮ ಲೆಕ್ಕ ಸರಿಯಾಗಿದೆ, ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ಆ ಸಿಲಿಂಡರಿನ 20 ಸೆಂ.ಮೀ. ಓಟಕ್ಕೆ ಸುಮಾರು 463 ಸಿಸಿ ಆಯಿಲ್ ಬೇಕು. ಬಾಕ್ಸಿನ ಬದಲು ಸ್ಟೀರಿಂಗ್ ಚಕ್ರದ ಕೆಳಗೆ ಕೂತು ಸಿಲಿಂಡರಿಗೆ ಆಯಿಲ್ ಅಳೆದು ಕೊಡುವ ಸ್ಟೀರಿಂಗ್ ವಾಲ್ವ್ ಒಂದು ಸುತ್ತಿಗೆ 125 ಸಿಸಿ ಕೊಡುವಂಥದ್ದಾದರೆ ತುದಿಯಿಂದ ತುದಿಗೆ 3.7 ಸುತ್ತು, 160 ಸಿಸಿಯದಾದರೆ 2.9 ಸುತ್ತು. ಸುತ್ತು ಕಡಿಮೆಯಿದ್ದಷ್ಟೂ ಬಂಡೆಯ ನಡುವೆ ಕೈಗೆ ಸುಖ. ಆದರೆ ಎಂಜಿನ್ ನಿಂತಾಗ ಅದೇ ವಾಲ್ವ್ ಕೈಪಂಪಿನ ಕೆಲಸ ಮಾಡಬೇಕಾಗುತ್ತದೆ, ಆಗ 160 ಸಿಸಿಯದನ್ನು ತೋಳಿನ ಬಲದಿಂದ ತಿರುಗಿಸುವುದು ಬಹಳ ಕಷ್ಟ. ಮಿಕ್ಕಂತೆ, ಚಕ್ರ ತಾನಾಗಿ ನೇರಕ್ಕೆ ಮರಳುವುದಿಲ್ಲ, ವಾಲ್ವಿನೊಳಗಿನ ಸಣ್ಣ ಸೋರಿಕೆಯಿಂದ ಸ್ಟೀರಿಂಗಿನ ನಡುಬಿಂದು ನಿಧಾನವಾಗಿ ಸರಿಯುತ್ತ ಹೋಗುತ್ತದೆ. ಬಂಡೆದಾರಿ ಅವರು ಹೆದ್ದಾರಿಯ ಮೇಲೆ ಹೋಗಬೇಕಾದವರು. 37 ಇಂಚಿಗೆ ಸಿಲಿಂಡರಿನ ಸಹಾಯ ಸಾಕು.

ಕಾಡುಗಾಲಿ:
ಅವರ ಗಾಡಿಯ ಮಟ್ಟಿಗೆ ಒಪ್ಪಿದೆ. ಇಷ್ಟಾದ ಮೇಲೆ ಒಂದು ದೊಡ್ಡ ಕೂಲರ್ ಹಾಕಿಸಿದರೆ ಬಿಸಿಯ ಚಿಂತೆಯೂ ಮುಗಿಯಿತು.

ತೈಲಲೆಕ್ಕ:
ಅಷ್ಟು ಬೇಗ ಮುಗಿಯುವುದಿಲ್ಲ. 100 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 8 ಲೀಟರ್ ಆಯಿಲ್ ರಿಲೀಫ್ ವಾಲ್ವಿನ ಮೂಲಕ ಹಾದರೆ ಸುಮಾರು 1.3 ಕಿಲೋವ್ಯಾಟ್ ಶಕ್ತಿ ಬರೀ ಬಿಸಿಯಾಗುತ್ತದೆ. ರಿಲೀಫ್ ವಾಲ್ವ್ ಪಂಪಿನೊಳಗೇ ಇರುವ ಬಗೆಯಲ್ಲಿ ಆ ಆಯಿಲ್ ಪಂಪಿನೊಳಗೇ ಸುತ್ತುತ್ತಿರುತ್ತದೆ, ರಿಟರ್ನ್ ಲೈನಿನಲ್ಲಿರುವ ಕೂಲರಿಗೆ ಬರುವುದೇ ಅಲ್ಪ. ಸಿಕ್ಕಿಕೊಂಡ ಚಕ್ರವನ್ನು ಬಲವಂತವಾಗಿ ಹಿಡಿದಿಟ್ಟಾಗ ಕೂಲರ್ ಏನೂ ಮಾಡಲಾರದು. ಸ್ಟೀರಿಂಗನ್ನು ಕೂದಲಷ್ಟು ಹಿಂದಕ್ಕೆ ಬಿಡುವ ಅಭ್ಯಾಸ ಮಾಡಿಕೊಳ್ಳಬೇಕು, ಗಾಡಿಯನ್ನು ಒಂದಿಂಚು ಸರಿಸಿ ಮತ್ತೆ ತಿರುಗಿಸಬೇಕು. ಕೂಲರ್ ಬೇಡ ಎನ್ನುತ್ತಿಲ್ಲ, ಖಂಡಿತ ಬೇಕು.

ಅದಕ್ಕಿಂತ ಹೆಚ್ಚಾಗಿ ಪಂಪಿಗೆ ಬರುವ ಲೈನಿನ ಕಡೆ ಗಮನವಿರಲಿ. ಆಯಿಲ್ ಡಬ್ಬಿ ಪಂಪಿಗಿಂತ ಮೇಲಿರಬೇಕು, ಅಲ್ಲಿಂದ ಪಂಪಿಗೆ ಬರುವ ಹೋಸ್ ಅಗಲವಾಗಿ, ಚಿಕ್ಕದಾಗಿ, ಮುರುಕಿಲ್ಲದೆ ಇರಬೇಕು. ದಿನದ ಕೊನೆಗೆ ಡಬ್ಬಿಯ ಮುಚ್ಚಳ ತೆಗೆದು ನೋಡಿ: ಕೆಂಪು ಆಯಿಲ್ ತಿಳಿಯಾಗಿರದೆ ತಿಳಿಗುಲಾಬಿ ನೊರೆಯಾಗಿದ್ದರೆ ಪಂಪ್ ಗಾಳಿ ಎಳೆಯುತ್ತಿದೆ. ಎಂಥ ಒಳ್ಳೆಯ ಪಂಪೂ ಗಾಳಿ ಎಳೆದರೆ ಬಾಳುವುದಿಲ್ಲ.

ಪ್ರಯಾಣಪ್ರಿಯ:
ನನ್ನ ಗಾಡಿಯಲ್ಲಿ ಬ್ರೇಕಿನ ಬೂಸ್ಟರ್ ಕೂಡ ಸ್ಟೀರಿಂಗ್ ಪಂಪಿನಿಂದಲೇ ನಡೆಯುತ್ತದೆ. ಅಂಥವರು ಸಿಲಿಂಡರ್ ಕೂಡಿಸಬಹುದೇ?

ಹಳೆಯ ಪಾನಾ:
ಕೂಡಿಸಬಹುದು. ಪಂಪಿನ ಒತ್ತಡ ಮೊದಲು ಬೂಸ್ಟರಿಗೆ ಹೋಗಿ ಅಲ್ಲಿಂದ ಬಾಕ್ಸಿಗೆ ಬರಬೇಕು. ಬೂಸ್ಟರಿನ ರಿಟರ್ನ್ ಲೈನನ್ನು ಬಾಕ್ಸಿನ ರಿಟರ್ನಿಗೆ ಟೀ ಹಾಕಿ ಸೇರಿಸದೆ ಪ್ರತ್ಯೇಕವಾಗಿ ಡಬ್ಬಿಗೆ ಒಯ್ಯಿರಿ. ಬಾಕ್ಸಿನ ರಿಟರ್ನಿನಲ್ಲಿ ಒತ್ತಡ ಏರಿದರೆ ಬ್ರೇಕ್ ಪೆಡಲ್ ಬಿಟ್ಟ ಮೇಲೂ ಬ್ರೇಕ್ ಹಿಡಿದುಕೊಂಡಿರುವ ಸಾಧ್ಯತೆಯಿದೆ.

ಹೊಸಬ:
ಇದೆಲ್ಲ ಓದಿದ ಮೇಲೆ ಒಂದು ಅನುಮಾನ. ಹೊರಕ್ಕೆ ಚಾಚುವ ರಿಮ್ ಹಾಕಿದ್ದರಿಂದ ಸ್ಟೀರಿಂಗ್ ಬಿಗಿಯಾಗುತ್ತದೆಯೇ?

ಹಳೆಯ ಪಾನಾ:
ಆಗುತ್ತದೆ, ಬಹಳ ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಕಲ್ ತಿರುಗುವ ಅಕ್ಷರೇಖೆಯನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರ ಹೆಚ್ಚಿದಷ್ಟೂ, ಟೈರಿಗೆ ತಾಗಿದ ಪ್ರತಿಯೊಂದು ಕಲ್ಲೂ ಸ್ಟೀರಿಂಗನ್ನು ಹೆಚ್ಚು ಬಲದಿಂದ ಕಸಿಯುತ್ತದೆ. ಬಂಡೆದಾರಿ ಅವರು 37 ಇಂಚಿಗೆ ಹೋಗುವಾಗ ಟೈರು ಚಾಸಿಗೆ ತಾಗದಿರಲೆಂದು ಸ್ಪೇಸರ್ (ರಿಮ್ಮನ್ನು ಹೊರಕ್ಕೆ ಸರಿಸುವ ಬಿಲ್ಲೆ) ಹಾಕುವ ಆಲೋಚನೆಯಿದ್ದರೆ, ಸ್ಟಾಪ್ ಬೋಲ್ಟನ್ನು ಹೊಂದಿಸಿ ಆದಷ್ಟು ತೆಳುವಾದ ಸ್ಪೇಸರಿನಲ್ಲಿ ಮುಗಿಸುವುದು ಒಳ್ಳೆಯದು.

ಬಂಡೆದಾರಿ:
ಸ್ಪೇಸರ್ ಈಗಾಗಲೇ ಇದೆ. ರಿಮ್ಮಿನೊಂದಿಗೆ ಅಳೆದು ನೋಡಿ ತೆಗೆಯಬಹುದಾದರೆ ತೆಗೆಯುತ್ತೇನೆ. ಚಾಸಿಯ ಕೆಲಸ, ಟೈ ರಾಡ್, ತೂತಿರುವ ಬಾಕ್ಸ್, 38 ಮಿ.ಮೀ. ಸಿಲಿಂಡರ್ ಎಂಬ ಕ್ರಮದಲ್ಲಿ ಹೋಗುತ್ತೇನೆ; ಐಡ್ಲಿಂಗಿನಲ್ಲಿ ನಿಧಾನವಾದರೆ ಮಾತ್ರ ಪಂಪ್. ಎಲ್ಲ ಜೋಡಿಸಿದ ಮೇಲೆ ಗಾಳಿ ತೆಗೆಯುವ ಕ್ರಮ ಹೇಗೆ?

ವೆಲ್ಡರ್:
ಎಂಜಿನ್ ಚಾಲೂ ಮಾಡಬೇಡಿ. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಕೊಟ್ಟು, ಡಬ್ಬಿ ತುಂಬಿಸಿ, ಸ್ಟೀರಿಂಗನ್ನು ಕೈಯಿಂದ ನಿಧಾನವಾಗಿ ತುದಿಯಿಂದ ತುದಿಗೆ ತಿರುಗಿಸುತ್ತ ಆಯಿಲ್ ಇಳಿದಂತೆಲ್ಲ ತುಂಬಿಸುತ್ತ ಹೋಗಿ. ಗುಳ್ಳೆ ಬರುವುದು ಪೂರ್ತಿ ನಿಂತ ಮೇಲೆ ಎಂಜಿನ್ ಚಾಲೂ ಮಾಡಿ, ಮತ್ತೆ ತಿರುಗಿಸಿ, ತುದಿಯಲ್ಲಿ ಹಿಡಿದಿಡಬೇಡಿ. ಅದಕ್ಕೂ ಮೊದಲು, ಆಕ್ಸಲ್ ಪೂರ್ತಿ ಕೆಳಗೆ ಇಳಿದಾಗಲೂ ಒಂದು ಕಡೆ ಪೂರ್ತಿ ಮೇಲೇರಿದಾಗಲೂ ಸಿಲಿಂಡರಿನ ಎರಡು ಹೋಸುಗಳು ಎಳೆದುಕೊಳ್ಳುತ್ತಿಲ್ಲ, ಟೈರಿಗೆ ತಾಗುತ್ತಿಲ್ಲ ಎಂದು ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸಿ ನೋಡಿಕೊಂಡು, ಆಮೇಲೆಯೇ ಕ್ಲಾಂಪ್ ಬಿಗಿಯಿರಿ.